ಸ್ಟಾಕ್‌ಹೋಮ್ ಸುತ್ತಬೇಕೇ? ಮೊದಲು ಬೆಳಕಿನ ಲೆಕ್ಕ ಹಾಕಿ

ಸ್ಟಾಕ್‌ಹೋಮಿಗೆ ಹೊರಟವರೆಲ್ಲ ಚಳಿ ಎಷ್ಟಿರುತ್ತೆ ಅಂತ ವಿಚಾರಿಸುತ್ತಾರೆ. ಚಳಿಗೆ ಸ್ವೆಟರ್ ಉಂಟು, ಕತ್ತಲೆಗೆ ಮದ್ದಿಲ್ಲ. ಡಿಸೆಂಬರ್ ಕೊನೆಗೆ ಸೂರ್ಯ ಎದ್ದೇಳುವುದೇ 8:45ರ ಸುಮಾರಿಗೆ, ಮಧ್ಯಾಹ್ನ 3ಕ್ಕೆ ಮೊದಲೇ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ 10ಕ್ಕೂ ಬೆಳಕು. ಹಾಗಾಗಿ ಚಳಿಗಾಲದಲ್ಲಿ ಹೊರಗಿನ ಓಡಾಟವನ್ನು 2 ಗಂಟೆಯೊಳಗೆ ಮುಗಿಸಿ, ಮ್ಯೂಸಿಯಂಗಳನ್ನು ಆಮೇಲಕ್ಕೆ ಇಟ್ಟುಕೊಳ್ಳಿ.

ಊರು ಹರಡಿರುವುದು 14 ದ್ವೀಪಗಳ ಮೇಲೆ. ನೀರಿನ ಮೇಲಿಂದ ನೋಡಲು ದುಬಾರಿ ಪ್ರವಾಸಿ ಬೋಟೇ ಬೇಕೆಂದಿಲ್ಲ. ನಗರಮಧ್ಯದ ಸ್ಲುಸೆನ್‌ನಿಂದ ಯೂರ್ಗೋರ್ಡನ್ ದ್ವೀಪಕ್ಕೆ ಹೋಗುವ 82ನೇ ನಂಬರಿನ ಫೆರಿ ವರ್ಷವಿಡೀ ಓಡುತ್ತದೆ. ಬಸ್ಸು, ಮೆಟ್ರೋಗೆ ತೆಗೆದ 75 ನಿಮಿಷದ ಟಿಕೆಟ್ಟೇ ಇದಕ್ಕೂ ನಡೆಯುತ್ತದೆ. ಇಳಿದು ಸ್ವಲ್ಪ ನಡೆದರೆ ವಾಸಾ ಮ್ಯೂಸಿಯಂ: 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿ, 1961ರಲ್ಲಿ ಮೇಲೆತ್ತಿದ ಹಡಗು. ಬಾಲ್ಟಿಕ್‌ ನೀರಿನಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹುಳು ಅಲ್ಲಿ ಬದುಕದು. ಅದಕ್ಕೇ ಹಡಗು ಉಳಿಯಿತು. ಮರದ ಸಲುವಾಗಿ ಒಳಗೆ 18–20 ಡಿಗ್ರಿ ಕಾಯ್ದಿರುತ್ತಾರೆ. ಬೇಸಿಗೆಯಲ್ಲೂ ಜಾಕೆಟ್ ಕೈಯಲ್ಲಿರಲಿ.

ವಸಂತದ ಕೆಲಸ ಒಂದೇ: ಏಪ್ರಿಲ್ ಕೊನೆಯ ಹೊತ್ತಿಗೆ ಕುಂಗ್ಸ್‌ಟ್ರೆಡ್‌ಗೋರ್ಡನ್ ಪಾರ್ಕಿನ ಚೆರ್ರಿ ಹೂ ನೋಡುವುದು. ಬೆಳಗ್ಗೆ ಬೇಗ ಹೋಗಿ, ಆಮೇಲೆ ಕಾಲಿಡಲೂ ಜಾಗವಿರದು.

ಬೇಸಿಗೆ ಹೊರದ್ವೀಪಗಳ ಕಾಲ. ಇಲ್ಲೇ ಹೊಸಬರು ಎಡವುವುದು. ಈ ದ್ವೀಪಗಳಿಗೆ ಓಡುವ ವಾಕ್ಸ್‌ಹೋಲ್ಮ್ ಕಂಪನಿಯ ಬೋಟು ಹತ್ತುವಾಗಲೇ ಎಲ್ಲಿ ಇಳಿಯುತ್ತೀರಿ ಎಂದು ಸಿಬ್ಬಂದಿಗೆ ಹೇಳಿ. ವಾಪಸಾಗುವಾಗ ಸಣ್ಣ ಜೆಟ್ಟಿಗಳಲ್ಲಿ ಸುಮ್ಮನೆ ನಿಂತರೆ ಬೋಟು ಮುಂದೆ ಹೋಗಿಬಿಡುತ್ತದೆ. ಅಲ್ಲಿರುವ ಕಂಬದ ಸಿಗ್ನಲ್ ಫಲಕವನ್ನು ಬೋಟಿಗೆ ಕಾಣುವಂತೆ ಎತ್ತಿಡಬೇಕು; ಹತ್ತುವ ಮುನ್ನ ಇಳಿಸುವುದನ್ನು ಮರೆಯಬೇಡಿ. ಕತ್ತಲಾದರೆ ಟಾರ್ಚ್ ಬೀಸಿ. ಜೂನ್ 19ರಿಂದ 25ರ ನಡುವಿನ ಶುಕ್ರವಾರ ಮಿಡ್‌ಸೊಮ್ಮರ್, ಅಂದರೆ ನಡುಬೇಸಿಗೆಯ ಹಬ್ಬ. ಅಂದು ಹಲವು ಅಂಗಡಿ, ಹೋಟೆಲುಗಳಿಗೆ ಬೀಗ, ದಿನಸಿ ಹಿಂದಿನ ದಿನವೇ ತಂದಿಡಿ.

ಒಂದೇ ಸಲ ಹೋಗುವುದಾದರೆ ಸೆಪ್ಟೆಂಬರ್ ಮೊದಲ ವಾರವೇ ವಾಸಿ: ಜನ ಕಡಿಮೆ, ಹಗಲು ಇನ್ನೂ 13 ಗಂಟೆಗೂ ಹೆಚ್ಚು. ಬೋಟಿನ ವೇಳಾಪಟ್ಟಿ ಮಾತ್ರ ಬೇಸಿಗೆಯದಲ್ಲ, ಹೊಸದನ್ನೇ ನೋಡಿ. ನವೆಂಬರ್ ಬಿಟ್ಟುಬಿಡಿ, ಹಿಮವೂ ಇಲ್ಲ, ಬೆಳಕೂ ಇಲ್ಲ.

ಜನವರಿ, ಫೆಬ್ರವರಿಯಲ್ಲಿ ಹಗಲು ಕರಗಿದ ಹಿಮ ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ. ಶೂ ಮೇಲೆ ತೊಡಿಸುವ ಮೊಳೆಪಟ್ಟಿಗೆ ಅಲ್ಲಿ 'ಬ್ರೊಡ್ಡರ್' ಎನ್ನುತ್ತಾರೆ, ಬಂದ ದಿನವೇ ಕೊಳ್ಳಿ. ಅಂಗಡಿಯೊಳಗೆ ಹೋಗುವಾಗ ಕಳಚಿ, ನುಣುಪು ನೆಲದಲ್ಲಿ ಅವೇ ಜಾರುತ್ತವೆ. ಗೋಡೆಗೆ ಅಡ್ಡವಾಗಿ ಕೋಲು ಒರಗಿಸಿದ್ದರೆ ಮೇಲಿನ ಸೂರಿನಿಂದ ಮಂಜುಗಡ್ಡೆ ಬೀಳಬಹುದು ಎಂದರ್ಥ; ಎದುರು ಫುಟ್‌ಪಾತಿಗೆ ದಾಟಿ.