ಹದಿನಾರು ಅಡಿಯ ಭಾರತ: ನೆಲದ ಮೇಲೆ ಭೂಗೋಳ ಕಲಿಸಿದ ನನ್ನ ಅನುಭವ

ಹಿರಿಯೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ನಾನು ಸಮಾಜ ವಿಜ್ಞಾನದ ಸಹಶಿಕ್ಷಕಿಯಾಗಿ ಬಂದು ಇದು ಎರಡನೆಯ ವರ್ಷ. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಗಳು ನನ್ನವೇ. ಎಲ್ಲ ಸೇರಿದರೆ ನೂರೈವತ್ತರ ಆಸುಪಾಸಿನ ಮಕ್ಕಳು. ಹೆಚ್ಚಿನವರು ಸುತ್ತಲಿನ ಹಳ್ಳಿಗಳ ರೈತರ ಮತ್ತು ಕೂಲಿಕಾರರ ಮಕ್ಕಳು. ಇತಿಹಾಸದಿಂದ ವ್ಯವಹಾರ ಅಧ್ಯಯನದವರೆಗೆ ಈ ಒಂದು ವಿಷಯದ ಹೆಸರಿನಲ್ಲಿ ಎಷ್ಟು ಪಾಠಗಳಿವೆ ಎಂಬುದು ಬೋಧಿಸುವವರಿಗೆಲ್ಲ ಗೊತ್ತು. ಆದ್ದರಿಂದ ನೆಲದ ಮೇಲೆ ಬರೆದ ನಕ್ಷೆಯ ವಿಚಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ‘ಮೇಡಂ, ಮೊದಲು ಸಿಲಬಸ್ ಮುಗಿಸಿಕೊಳ್ಳಿ, ನಕ್ಷೆ ಆಮೇಲೆ ಬರೆಸುವಿರಂತೆ’ ಎಂದು ಹಿರಿಯ ಸಹೋದ್ಯೋಗಿಗಳು ಹೇಳಿದ್ದ ಆ ಕೆಲಸ ಕಡೆಗೂ ಕೈಹಿಡಿದಿದೆ.

ನಾನು ಬಂದ ವರ್ಷ ಹತ್ತನೆಯ ತರಗತಿಯ ಐವತ್ತು ಮಕ್ಕಳಲ್ಲಿ ನಕ್ಷೆಯ ಪ್ರಶ್ನೆಗೆ ಕೈಹಾಕುತ್ತಿದ್ದವರು ಹತ್ತು ಹನ್ನೆರಡು ಮಂದಿ. ಬರೆದವರ ಭಾರತವೂ ಕೆಳಮುಖದ ತ್ರಿಕೋನದಂತಿದ್ದು, ಗುಜರಾತಿನ ಕರಾವಳಿ ಮಾಯವಾಗಿ, ಈಶಾನ್ಯ ರಾಜ್ಯಗಳು ಹಾಳೆಯ ಅಂಚಿಗೆ ಸಿಕ್ಕಿ ಹಿಂಡಿಹೋಗಿರುತ್ತಿದ್ದವು. ಗೋಡೆಗೆ ತೂಗುಹಾಕುವ ನಕ್ಷೆಯಿಂದ ಈ ತೊಂದರೆ ನೀಗುವುದಿಲ್ಲ, ಏಕೆಂದರೆ ಅದನ್ನು ಮಕ್ಕಳು ದೂರದಿಂದ ನೋಡುತ್ತಾರೆಯೇ ಹೊರತು ಅಳೆಯುವುದಿಲ್ಲ. ನಕ್ಷೆ ಕಾಲ ಕೆಳಗಿರಬೇಕು, ಅದರ ಅಳತೆ ಬದಲಾಗಬಾರದು ಎಂಬುದು ನನ್ನ ಹಟವಾಗಿತ್ತು.

ಅಡಿಗೆ 200 ಕಿಲೋಮೀಟರ್ ಎಂದು ಅಳತೆ ಹಿಡಿದೆ. ಭಾರತದ ಉತ್ತರ ದಕ್ಷಿಣದ ಉದ್ದ 3,214 ಕಿಲೋಮೀಟರ್ ಆದ್ದರಿಂದ ಹದಿನಾರು ಅಡಿ, ಪೂರ್ವ ಪಶ್ಚಿಮದ 2,933 ಕಿಲೋಮೀಟರಿಗೆ ಹದಿನೈದು ಅಡಿಗೆ ತುಸು ಕಡಿಮೆ. ಕೊಠಡಿಗಳ ಮುಂದಿನ ಸಿಮೆಂಟಿನ ಅಂಗಳದಲ್ಲಿ ಇಷ್ಟು ಜಾಗವಿತ್ತು. ಗಾರೆಯವರಿಂದ ದಾರ ಕೇಳಿ ತಂದು, ನೀಲಿ ಪುಡಿ ಸವರಿ, ಅಡಿಗೊಂದರಂತೆ ಚೌಕಳಿ ಹೊಡೆದು, ಮಕ್ಕಳೇ ಒಂದೊಂದು ಚೌಕವನ್ನು ತುಂಬಿದರು. ಉತ್ತರದ ಗಡಿಯನ್ನು ಮಾತ್ರ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯನ್ನು ಮುಂದಿಟ್ಟುಕೊಂಡು ನಾನೇ ಬರೆದೆ.

ಬಣ್ಣದ ಕಥೆ ದೊಡ್ಡದು. ಮೊದಲು ಸುಣ್ಣದಲ್ಲಿ ಬರೆದದ್ದು ಒಂದೇ ಮಳೆಗೆ ಚರಂಡಿ ಸೇರಿತು. ಡಿಸ್ಟೆಂಪರ್ ಬಿಸಿಲಿಗೆ ಹಕ್ಕಳೆಯೆದ್ದು ದಸರಾ ರಜೆಯ ಹೊತ್ತಿಗೆ ಡೆಕ್ಕನ್ ಪ್ರಸ್ಥಭೂಮಿ ಪೂರ್ತಿ ಅಳಿಸಿಹೋಗಿತ್ತು. ಎನಾಮಲ್ ಬಣ್ಣ ಗಟ್ಟಿಯಾಗಿ ನಿಂತಿತಾದರೂ ನೀರು ಬಿದ್ದಾಗ ಜಾರತೊಡಗಿತು. ಹುಡುಗಿಯೊಬ್ಬಳು ಜಾರಿ ಮೊಣಕೈ ತರಚಿಕೊಂಡ ಮೇಲೆ ಅದನ್ನು ಉಜ್ಜಿ ತೆಗೆಸಿದೆವು. ಉಜ್ಜಿಸುವ ಕೂಲಿಯೇ ಬಣ್ಣದ ಬೆಲೆಗಿಂತ ಹೆಚ್ಚಾಯಿತು. ಕಡೆಗೆ ಸಿಮೆಂಟ್ ಪ್ರೈಮರ್ ಒಂದು ಕೋಟ್ ಹಚ್ಚಿ, ಹೊರಗೋಡೆಗೆ ಬಳಿಯುವ ಎಮಲ್ಷನ್‌ಗೆ ಜರಡಿ ಹಿಡಿದ ಸಣ್ಣ ಮರಳನ್ನು ಬೆರೆಸಿ, ಗೆರೆಗಳನ್ನಷ್ಟೇ ಬರೆದೆವು. ಒಳಭಾಗಕ್ಕೆ ಬಣ್ಣ ತುಂಬಲಿಲ್ಲ. ಇದು ಒಂದು ಮಳೆಗಾಲ ತಡೆದಿದೆ. ಎಲ್ಲ ಸೇರಿ ಆರು ಸಾವಿರದ ಹತ್ತಿರ ಖರ್ಚಾಗಿರಬೇಕು. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೆಲಸ ನೋಡಿದ ಮೇಲೆ ಎರಡು ಸಾವಿರ ಕೊಟ್ಟರು, ಉಳಿದದ್ದು ನನ್ನ ಸಂಬಳದಿಂದ ಹೋಯಿತು.

ಫಲ ಕಂಡದ್ದು ಮಕ್ಕಳು ಅದರ ಮೇಲೆ ನಡೆದಾಡಿದಾಗ. ಕರ್ನಾಟಕ ಅಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲ. ನಮ್ಮ ಇಡೀ ತಾಲ್ಲೂಕು ಎರಡು ಮೂರು ಅಂಗುಲ. ಬೆಂಗಳೂರಿನಿಂದ ದೆಹಲಿಗೆ ಒಂಬತ್ತು ಅಡಿ. 1,465 ಕಿಲೋಮೀಟರಿನ ಗೋದಾವರಿಗೆ ಏಳಡಿಗೂ ಮೀರಿದ ಹಗ್ಗವನ್ನು ತ್ರ್ಯಂಬಕದಿಂದ ಹಾಸಿದಾಗ, ‘ಪಶ್ಚಿಮದ ಸಮುದ್ರ ಅಷ್ಟು ಹತ್ತಿರ ಇದ್ದರೂ ಈ ನದಿ ಅಷ್ಟು ದೂರ ಪೂರ್ವಕ್ಕೆ ಯಾಕೆ ಹೋಗುತ್ತೆ ಮಿಸ್?’ ಎಂದು ಒಬ್ಬ ಹುಡುಗ ಕೇಳಿದ. ಪ್ರಸ್ಥಭೂಮಿಯ ಇಳಿಜಾರಿನ ಪಾಠ ಅಲ್ಲಿಂದಲೇ ಶುರುವಾಯಿತು. ಅಂಡಮಾನನ್ನು ಸದಾ ಮರೆಯುತ್ತಿದ್ದವರು ಚೆನ್ನೈನಿಂದ ಏಳಡಿ ಸಮುದ್ರ ದಾಟಿದ ಮೇಲೆ ಅದನ್ನು ಬಿಡಲೇ ಇಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲೆ ಎಂಟು ಮಕ್ಕಳನ್ನು ಗುಜರಾತಿನಿಂದ ಮಿಜೋರಾಂವರೆಗೆ ಸಾಲಾಗಿ ನಿಲ್ಲಿಸಿದರೆ ಎಂಟು ರಾಜ್ಯಗಳ ಹೆಸರು ಒಂದೇ ಅವಧಿಯಲ್ಲಿ ಬಾಯಿಗೆ ಬರುತ್ತವೆ.

ನೆಲದಿಂದ ಹಾಳೆಗೆ ಬರುವ ಹಂತದಲ್ಲಿ ಚುಕ್ಕಿ ರಂಗೋಲಿಯ ಕ್ರಮವನ್ನೇ ಹಿಡಿದೆ. ಕೆಲವೇ ಚುಕ್ಕಿಗಳಿಟ್ಟು ಅವುಗಳನ್ನು ಸೇರಿಸಿದರೆ ಗಡಿರೇಖೆ ಬರುತ್ತದೆ. ಚುಕ್ಕಿಗಳೆಷ್ಟು, ಯಾವ ಅಂತರಕ್ಕೆ ಎಂಬುದು ನಮ್ಮ ಶಾಲೆಯ ಮಕ್ಕಳ ಸೊತ್ತು, ಅದನ್ನು ಇಲ್ಲಿ ಬಿಡಿಸಿ ಹೇಳುತ್ತಿಲ್ಲ. ಕಳೆದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಕ್ಷೆಯನ್ನು ಬಿಟ್ಟವರು ನಾಲ್ಕೈದು ಮಂದಿ ಮಾತ್ರ. ಸಿಲಬಸ್ಸೂ ಜನವರಿಯೊಳಗೆ ಮುಗಿದಿತ್ತು.

ನಕ್ಷೆಯಿಂದ ಹುಟ್ಟಿದ ಒಂದು ಪ್ರಯೋಗವನ್ನು ಹೇಳಲೇಬೇಕು. ನಮ್ಮ ಊರು 14 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆಯೇ ಎನ್ನುವಷ್ಟು ಹತ್ತಿರವಿದೆ; ಇಲ್ಲಿ ಸೂರ್ಯ ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ 15ರ ಆಸುಪಾಸಿನಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್‌ನಲ್ಲಿ ರಜೆ. ಹಾಗಾಗಿ ಧ್ವಜಾರೋಹಣ ಮುಗಿಸಿ, ಸಿಹಿ ಹಂಚಿ, ಎಂಟನೆಯ ತರಗತಿಯವರನ್ನು ಅಂಗಳದಲ್ಲೇ ಉಳಿಸಿಕೊಂಡೆ. ತೂಕದ ಗುಂಡು ಹಿಡಿದು ನೋಡಿದರೆ ಧ್ವಜಸ್ತಂಭ ತುಸು ವಾಲಿತ್ತು, ಆದ್ದರಿಂದ ಮೂರಡಿಯ ಕಬ್ಬಿಣದ ಸರಳೊಂದನ್ನು ನೆಟ್ಟಗೆ ನಿಲ್ಲಿಸಿದೆವು. ಹನ್ನೆರಡು ಗಂಟೆಗೆ ನೆರಳು ಇನ್ನೂ ಪಶ್ಚಿಮಕ್ಕೆ ಚಾಚಿತ್ತು. ಮೋಡ ಆಗಾಗ ಅಡ್ಡ ಬಂದರೂ, ಹನ್ನೆರಡೂವರೆಗೆ ಎರಡು ಮೂರು ನಿಮಿಷವಿರುವಾಗ ಬಿಸಿಲು ಬಿದ್ದು, ನೆರಳು ಸರಳಿನ ಬುಡದೊಳಗೇ ಅಡಗಿತು. ಹನ್ನೆರಡಕ್ಕೆ ಏಕಾಗಲಿಲ್ಲ ಎಂದು ಕೇಳಿದವರನ್ನು ನೆಲದ ನಕ್ಷೆಗೆ ಕರೆದೊಯ್ದೆ. ಗಡಿಯಾರದ ಸಮಯ 82½ ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕೆ, ಡಿಗ್ರಿಗೆ 4 ನಿಮಿಷದಂತೆ 24 ನಿಮಿಷ ಎಂದು ಅವರೇ ಲೆಕ್ಕ ಹಾಕಿದರು. ಉಳಿದ ನಾಲ್ಕು ನಿಮಿಷ ಆ ತಿಂಗಳಲ್ಲಿ ಸೂರ್ಯ ತಡವಾಗಿ ನೆತ್ತಿಗೇರುವುದರಿಂದ ಬಂದದ್ದು. ವಿಜ್ಞಾನದ ಸರ್ ಕೂಡ ನಿಂತು ನೋಡಿದರು.

ಇತಿಹಾಸಕ್ಕೆ ಮೊಳಕ್ಕೆ ನೂರು ವರ್ಷದ ಹಗ್ಗವೊಂದನ್ನು ಮಾಡಿಸಿದ್ದೇನೆ. ನಮ್ಮ ಜಿಲ್ಲೆಯದೇ ಆದ ಬ್ರಹ್ಮಗಿರಿಯ ಅಶೋಕನ ಶಾಸನದ ಗಂಟಿನಿಂದ ಇಂದಿನವರೆಗೆ ಇಪ್ಪತ್ತಮೂರು ಮೊಳ ಬಂತು. 1947ರಿಂದ ಈಚೆಗೆ ಮುಕ್ಕಾಲು ಮೊಳಕ್ಕೆ ತುಸು ಜಾಸ್ತಿ. ಅದು ಇನ್ನೂ ಪೂರ್ತಿ ಕೂಡಿಬಂದಿಲ್ಲ, ಗಂಟುಗಳು ಸಡಿಲವಾಗಿ ಸರಿಯುತ್ತವೆ.

ಮುಂದಿನ ಜೂನ್‌ಗೆ ಒಂಬತ್ತನೆಯ ತರಗತಿಗಾಗಿ ಕರ್ನಾಟಕವನ್ನೇ ಅಡಿಗೆ 50 ಕಿಲೋಮೀಟರಿನಂತೆ ಬರೆಯಬೇಕೆಂದಿದ್ದೇನೆ; ಹದಿನೈದು ಅಡಿ ಉದ್ದ, ಎಂಟು ಅಡಿ ಅಗಲ ಸಾಕು. ಭಾರತದ ನಕ್ಷೆಯಲ್ಲಿ ನಮ್ಮ ವೇದಾವತಿ ನದಿಗೆ ಸರಿಯಾದ ಜಾಗ ಸಿಕ್ಕಿಲ್ಲ. 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದ, ಅದಕ್ಕೆ ಕಟ್ಟಿದ ಮಾರಿಕಣಿವೆ ಜಲಾಶಯವನ್ನು ಕಣ್ಣಾರೆ ಕಂಡ ಮಕ್ಕಳಿಗೆ ಆ ನದಿ ಎಲ್ಲಿ ಹುಟ್ಟಿ ಎಲ್ಲಿ ತುಂಗಭದ್ರೆಯನ್ನು ಸೇರುತ್ತದೆ ಎಂಬುದನ್ನು ನಡೆದೇ ತೋರಿಸಬೇಕಾಗಿದೆ. ಈ ಸಲ ಪ್ರೈಮರ್ ಎರಡು ಕೋಟ್ ಹಚ್ಚಿಸುತ್ತೇನೆ, ಬಣ್ಣದ ಕೆಲಸವನ್ನು ಮೇ ತಿಂಗಳ ಬಿಸಿಲಿನಲ್ಲೇ ಮುಗಿಸುತ್ತೇನೆ.