ಫ್ಯಾನು ಎಲ್ಲಿ ನಿಲ್ಲಬೇಕು: ಗದಗ ಸೀಮೆಯಲ್ಲಿ ನಾನು ತೂಗಿ ನೋಡುವ ರೀತಿ

ಕರೆಂಟು ತೆಗೆಯುವ ಗಾಳಿ ಫ್ಯಾನು (ಗಾಳಿಯಂತ್ರ) ನಿಲ್ಲಿಸುವ ಮೊದಲು ಆ ಜಾಗದ ಹಕ್ಕಿ, ಹಳ್ಳ, ಹೊಲ, ಜನ ಎಲ್ಲವನ್ನೂ ನೋಡಿ ವರದಿ ಕೊಡುವುದು ನನ್ನ ಕೆಲಸ. ಊರು ಗದಗ. ಓಡಾಟ ಹೆಚ್ಚಾಗಿ ರೋಣ, ಗಜೇಂದ್ರಗಡ, ಮುಂಡರಗಿ ಕಡೆ. ಇದನ್ನು ಹೇಗೆ ಮಾಡುತ್ತೀರಿ ಅಂತ ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ. ಹೊಲಕ್ಕೆ ಕಂಪನಿಯವರು ಬಂದು ಹೋದ ಮೇಲೆ ರೈತರೂ ಕೇಳುತ್ತಾರೆ. ಇಬ್ಬರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಫ್ಯಾನು ಬೇಕು. 3 ಮೆಗಾವಾಟ್‌ನ ಒಂದು ಯಂತ್ರ ತನ್ನ ಪೂರ್ತಿ ಸಾಮರ್ಥ್ಯದ ಶೇಕಡಾ 30ರಷ್ಟು ಓಡಿದರೂ ವರ್ಷಕ್ಕೆ ಸುಮಾರು 79 ಲಕ್ಷ ಯೂನಿಟ್ ಕರೆಂಟು ಕೊಡುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗೆ ನೋಡಿದರೆ ಒಂದೇ ಫ್ಯಾನಿನಿಂದ ವರ್ಷಕ್ಕೆ 5,000 ಟನ್ನಿಗೂ ಜಾಸ್ತಿ ಹೊಗೆ ಉಳಿಯಿತು. ಇದು ಸಣ್ಣ ಲಾಭವಲ್ಲ. ಆದರೆ ಈ ಲಾಭ ಇಡೀ ದೇಶಕ್ಕೆ ಹಂಚಿಹೋಗುತ್ತದೆ. ನಷ್ಟ ಮಾತ್ರ ಒಂದು ದಿಬ್ಬದ ಮೇಲೆ, ನಾಲ್ಕಾರು ಮನೆಗಳ ಮೇಲೆ ಬೀಳುತ್ತದೆ. ಆ ಮನೆಗಳು ಯಾವುವು ಅಂತ ಹುಡುಕುವುದೇ ನನ್ನ ಕೆಲಸದ ದೊಡ್ಡ ಪಾಲು.

ಕಾನೂನು ಈ ಪರಿಶೀಲನೆಯನ್ನು ಕಡ್ಡಾಯ ಮಾಡಿಲ್ಲ. ಯಾವ ಯೋಜನೆಗೆ ಮೊದಲೇ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು ಬಿಳಿ ವರ್ಗಕ್ಕೆ, ಅಂದರೆ ಮಾಲಿನ್ಯ ಇಲ್ಲವೆನ್ನುವಷ್ಟು ಕಡಿಮೆ ಇರುವ ಉದ್ಯಮಗಳ ಗುಂಪಿಗೆ, ಸೇರಿಸಿತು. ಹೊಗೆ ಇಲ್ಲ, ಕೊಳಚೆ ನೀರಿಲ್ಲ, ಆ ಮಟ್ಟಿಗೆ ಸರಿಯೇ. ಅರಣ್ಯದ ಜಮೀನು ಬಂದರೆ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ. ಉಳಿದ ಕಡೆ ಸಾಲ ಕೊಡುವ ಬ್ಯಾಂಕು ಕೇಳಿದರೆ ಮಾತ್ರ ನನ್ನಂಥವರನ್ನು ಕರೆಯುತ್ತಾರೆ. ಸಾರ್ವಜನಿಕ ಅಹವಾಲು ಸಭೆಯೂ ಇಲ್ಲದ್ದರಿಂದ ಊರಿನವರಿಗೆ ವಿಷಯ ಗೊತ್ತಾಗುವುದು ಎಷ್ಟೋ ಸಲ ಜೆಸಿಬಿ ಬಂದಾಗಲೇ. ಇದು ಬದಲಾಗಲೇಬೇಕು.

ಕಂಪನಿ ನನಗೆ ಕೊಡುವುದು ಚುಕ್ಕೆ ಇಟ್ಟ ಒಂದು ನಕ್ಷೆ. ಒಂದು ಚುಕ್ಕೆಗೆ ಒಂದು ಫ್ಯಾನು. ನಾನು ಚುಕ್ಕೆಯಿಂದ ಶುರು ಮಾಡುವುದಿಲ್ಲ. ಡಾಂಬರು ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ನಡೆಯುತ್ತೇನೆ. ಈಗಿನ ಯಂತ್ರಗಳ ಒಂದೊಂದು ರೆಕ್ಕೆ 70 ಮೀಟರ್ ಆಸುಪಾಸು ಇರುತ್ತದೆ. ಅದನ್ನು ಹೊತ್ತ ಟ್ರೇಲರ್ ನಮ್ಮ ಬಂಡಿದಾರಿಯ ತಿರುವಿನಲ್ಲಿ ಹೊರಳುವುದಿಲ್ಲ. ಮೂಲೆಯ ಹೊಲ ಕತ್ತರಿಸಬೇಕು, ಬದು ಒಡೆಯಬೇಕು, ಹಳ್ಳಕ್ಕೆ ಮೊರಂ ತುಂಬಬೇಕು. ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದಕ್ಕೇ ರಸ್ತೆಯನ್ನು ಎತ್ತರಿಸಿ ಹಾಕುತ್ತಾರೆ. ಎತ್ತರದ ರಸ್ತೆ ನೀರಿಗೆ ಅಡ್ಡವಾಗುತ್ತದೆ. ಮೇಲಿನ ಹೊಲದಲ್ಲಿ ನೀರು ನಿಂತು ಹೆಸರು ಬೆಳೆ ಕೊಳೆಯುತ್ತದೆ. ಕೆಳಗಿನ ಹೊಲಕ್ಕೆ ಹಸಿ ಸಾಲದೆ ಹಿಂಗಾರಿಯ ಕಡಲೆ, ಜೋಳ ಸೊರಗುತ್ತವೆ. ಈ ಎರಡೂ ಹೊಲದವರು ಕಂಪನಿಗೆ ಜಾಗ ಕೊಟ್ಟವರಲ್ಲ. ಹಾಗಾಗಿ ಅವರ ಹೆಸರು ಯಾವ ಕರಾರಿನಲ್ಲೂ ಇರುವುದಿಲ್ಲ.

ಆದ್ದರಿಂದ ದಾರಿಯ ಎರಡೂ ಬದಿಯ ಹೊಲದವರನ್ನು ಹುಡುಕಿ ಒಂದೇ ಪ್ರಶ್ನೆ ಕೇಳುತ್ತೇನೆ: "ದೊಡ್ಡ ಮಳಿ ಆದಾಗ ನೀರು ಎಲ್ಲಿಂದ ಹಾಯತದ್ರಿ?" ಅವರು ಕೈ ತೋರಿಸಿದ ಕಡೆಯೆಲ್ಲ ನಕ್ಷೆಯಲ್ಲಿ ಮೋರಿ ಗುರುತಿಸುತ್ತೇನೆ. ಉಪಗ್ರಹದ ಚಿತ್ರದಲ್ಲಿ ಇದು ಕಾಣುವುದಿಲ್ಲ. ಕೆಲಸದ ವೇಳೆಯನ್ನೂ ಬರೆಸುತ್ತೇನೆ. ಹಿಂಗಾರಿ ಒಕ್ಕಲು ಮುಗಿದ ಮೇಲೆ ಶುರುವಾಗಿ ಮುಂಗಾರಿ ಬಿತ್ತನೆಗೆ ಮುಂಚೆ ರಸ್ತೆ ಮುಗಿಯಬೇಕು. ಹೂ ಬಿಟ್ಟ ಮೆಣಸಿನ ಗಿಡದ ಮೇಲೆ ಟಿಪ್ಪರಿನ ಧೂಳು ಕೂತರೆ ಆಗುವ ನಷ್ಟವನ್ನು ಯಾರೂ ಆಮೇಲೆ ತುಂಬಿಕೊಡುವುದಿಲ್ಲ.

ಇನ್ನು ಗುಡ್ಡದ ವಿಷಯ. ಗಾಳಿಯ ವೇಗ ಹತ್ತರಲ್ಲಿ ಒಂದು ಪಾಲು ಇಳಿದರೆ ಅದರ ಶಕ್ತಿ ಕಾಲು ಪಾಲಿಗಿಂತ ಜಾಸ್ತಿ ಇಳಿಯುತ್ತದೆ. ಅದಕ್ಕೇ ಕಂಪನಿಗಳ ಕಣ್ಣು ಗುಡ್ಡದ ಅಂಚಿನ ಮೇಲೆ. ಹದ್ದು, ಗಿಡುಗಗಳಿಗೂ ಅದೇ ಅಂಚು ಬೇಕು. ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯಲ್ಲಿ ಅವು ರೆಕ್ಕೆ ಬಡಿಯದೆ ತೇಲುತ್ತವೆ. ಮಹಾರಾಷ್ಟ್ರದ ಸಾತಾರಾ ಹತ್ತಿರದ ಚಾಳಕೇವಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಯಾನು ಇಲ್ಲದ ಕಡೆಗೆ ಹೋಲಿಸಿದರೆ ಫ್ಯಾನು ಇದ್ದ ಕಡೆ ಬೇಟೆ ಹಕ್ಕಿಗಳು ನಾಲ್ಕರಲ್ಲಿ ಒಂದು ಪಾಲು ಮಾತ್ರ ಇದ್ದವು. ಅವು ಹಿಡಿದು ತಿನ್ನುವ ಓತಿಕ್ಯಾತಗಳು ಹೆಚ್ಚಿದ್ದವು. ನನಗೆ ಇದರಿಂದ ಸಿಕ್ಕ ಪಾಠ ದೊಡ್ಡದು. ಫ್ಯಾನಿನ ಕೆಳಗೆ ಸತ್ತುಬಿದ್ದ ಹಕ್ಕಿ ಎಣಿಸಿದರೆ ಸಾಲದು, ಅಲ್ಲಿಗೆ ಬರುವುದನ್ನೇ ಬಿಟ್ಟ ಹಕ್ಕಿಯೂ ಲೆಕ್ಕಕ್ಕೆ ಬರಬೇಕು. ಅದಕ್ಕೆ ಕಟ್ಟುವ ಮೊದಲಿನ ಎಣಿಕೆ ಇರಲೇಬೇಕು. ನಾನು ಎತ್ತರದ ಜಾಗದಲ್ಲಿ ಕೂತು ಪ್ರತಿ ಹಕ್ಕಿಯೂ ರೆಕ್ಕೆ ತಿರುಗುವ ಎತ್ತರಕ್ಕಿಂತ ಕೆಳಗೆ ಹಾರಿತೋ, ಅದೇ ಎತ್ತರದಲ್ಲೋ, ಮೇಲೋ ಅಂತ ಬರೆಯುತ್ತೇನೆ. ಮುಂಗಾರಿನಲ್ಲೂ ಕೂರಬೇಕು, ಚಳಿಗಾಲದಲ್ಲೂ ಕೂರಬೇಕು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ಬೇಸಿಗೆಯಲ್ಲಿ ಸರ್ವೆ ಮಾಡಿದರೆ ಕಾಣುವುದೇ ಇಲ್ಲ.

ಕಪ್ಪತಗುಡ್ಡದ ಮೇಲೆ ಹಳೆಯ ಫ್ಯಾನುಗಳು ಇವೆ. ಆ ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದರು, ಮುಂದಿನ ವರ್ಷ ಹಿಂದಕ್ಕೆ ಪಡೆದರು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಅಲ್ಲಿಗೆ ಅಂಟಿಕೊಂಡ ಅಂಚಿನಲ್ಲಿ ಹೊಸ ಚುಕ್ಕೆ ಇದ್ದರೆ ನಾನು ಬೇಡ ಅಂತಲೇ ಬರೆಯುತ್ತೇನೆ. ಈಗ ಕಂಬಗಳು 120-140 ಮೀಟರ್ ಎತ್ತರ ಏರಿವೆ, ಬಯಲಿನಲ್ಲೂ ಗಾಳಿ ಸಿಗುತ್ತದೆ. ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಲೆಕ್ಕದಲ್ಲಿ 150 ಮೀಟರ್ ಎತ್ತರಕ್ಕೆ ಕರ್ನಾಟಕದ ಸಾಮರ್ಥ್ಯ ಸುಮಾರು 169 ಗಿಗಾವಾಟ್. ಇಷ್ಟಿರುವಾಗ ಇದೇ ದಿಬ್ಬ ಆಗಬೇಕು ಅನ್ನುವ ಮಾತಿಗೆ ನಾನು ಸುಲಭಕ್ಕೆ ತಲೆಯಾಡಿಸುವುದಿಲ್ಲ.

ಆದರೆ ಗುಡ್ಡ ಬಿಟ್ಟು ಬಯಲಿಗೆ ಇಳಿದರೆ ನಷ್ಟ ಮಾಯವಾಗುತ್ತದಾ? ಇಲ್ಲ, ಹದ್ದಿನ ಮೇಲಿದ್ದದ್ದು ಮನುಷ್ಯರ ಮೇಲೆ ಬರುತ್ತದೆ. ಕಂಪನಿ ಮಾತಾಡುವುದು ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರ ಜೊತೆ. ಅದೇ ಹೊಲವನ್ನು ಲಾವಣಿ (ಗುತ್ತಿಗೆ) ಹಾಕಿಕೊಂಡು ಉಳುವವನ ಹೆಸರು ಉತಾರದಲ್ಲಿಲ್ಲ. ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳ ಹೆಸರಿಲ್ಲ. ಸುಗ್ಗಿ ಆದ ಮೇಲೆ ಆ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟು ಕಾಳು ಪಡೆಯುವ ಕುರಿಗಾರರ ಹೆಸರಂತೂ ಎಲ್ಲಿಯೂ ಇಲ್ಲ. ಗಜೇಂದ್ರಗಡದ ಕಡೆ ಒಬ್ಬ ಹಿರಿಯ ಕುರಿಗಾರರು ಹೇಳಿದ್ದು: "ಫ್ಯಾನ್ ತಿರಗಿದ್ರ ನಮಗೇನು ತ್ರಾಸಿಲ್ಲ ಯವ್ವಾ. ಕುರಿ ಅದರ ನೆರಳಾಗ ಮಲಗತಾವ. ಆದ್ರ ಗಾಯರಾಣಕ್ಕ ತಂತಿ ಹಾಕಿದ್ರ ನಾವು ನೀರಿಗೆ ಹೋಗೂದು ಹೆಂಗ?" ಗಾಯರಾಣ ಅಂದರೆ ಊರಿನ ಗೋಮಾಳ. ಅವರ ಜೊತೆ ಕುರಿ ದಾರಿ ಹಿಡಿದು ನಡೆದೆ. ಒಂದು ಚುಕ್ಕೆ, ಅದರ ಕ್ರೇನಿನ ಜಾಗ, ಸಾಮಾನು ಇಡುವ ಅಂಗಳ ಮೂರೂ ಸೇರಿ ಆ ದಾರಿಯನ್ನು ಪೂರ್ತಿ ಮುಚ್ಚುತ್ತಿದ್ದವು. ವರದಿಯಲ್ಲಿ ಕುರಿ ದಾರಿಯನ್ನೂ ರಸ್ತೆಯ ಹಾಗೇ ಗೆರೆ ಎಳೆದು ತೋರಿಸಿದೆ. ಗೆರೆ ಇದ್ದರೆ ಎಂಜಿನಿಯರು ಅದನ್ನು ನೋಡಲೇಬೇಕಾಗುತ್ತದೆ. ಅಂಗಳವನ್ನು ಪಕ್ಕಕ್ಕೆ ಸರಿಸಿದರು, ಬೇಲಿ ಕೈಬಿಟ್ಟರು.

ಕರೆಂಟಿನ ತಂತಿಯ ಮಾತು ಇನ್ನೂ ಕಷ್ಟದ್ದು. ಫ್ಯಾನಿಗೆ ಜಾಗ ಕೊಟ್ಟವರಿಗೆ ಕೈತುಂಬ ದುಡ್ಡು ಬರುತ್ತದೆ. ತಂತಿ ಹಾದುಹೋಗುವ ಹೊಲದವರಿಗೆ ಬರುವುದು ಅದರ ಸಣ್ಣ ಚೂರು. ತಂತಿ ಮಾರ್ಗದ ಪರಿಹಾರಕ್ಕೆ ಕೇಂದ್ರ ಸರ್ಕಾರ 2015ರಲ್ಲಿ ಮಾರ್ಗಸೂಚಿ ತಂದಿತು. ಗೋಪುರದ ಬುಡಕ್ಕೆ ಜಮೀನಿನ ಬೆಲೆಯ ಶೇಕಡಾ 85 ಅಂತ ಇದ್ದದ್ದು 2024ರಲ್ಲಿ ಶೇಕಡಾ 200 ಆಯಿತು. ಕೇಳಲು ಚೆನ್ನಾಗಿದೆ. ಆದರೆ ಇದು 66 ಕೆವಿ (ಕಿಲೋವೋಲ್ಟ್) ಮತ್ತು ಅದಕ್ಕೆ ಮೇಲ್ಪಟ್ಟ ಮಾರ್ಗಕ್ಕೆ ಮಾತ್ರ. ಫ್ಯಾನಿನಿಂದ ಸಬ್‌ಸ್ಟೇಷನ್‌ವರೆಗೆ ಹೊಲ ಹೊಲ ದಾಟುವ ತಂತಿ ಸಾಮಾನ್ಯವಾಗಿ 33 ಕೆವಿ. ಅದು ಈ ಲೆಕ್ಕದ ಹೊರಗೆ. ಹಾಗಾಗಿ ತಂತಿ ಹಾಯುವ ಪ್ರತಿ ಹೊಲದ ಪಟ್ಟಿ ಮಾಡಿ, ಎಲ್ಲರಿಗೂ ಒಂದೇ ದರ, ಅದೂ ಬರವಣಿಗೆಯಲ್ಲಿ ಇರಲಿ ಅಂತ ಒತ್ತಾಯ ಮಾಡುತ್ತೇನೆ.

ಹಕ್ಕಿಗಳಿಗೂ ತಂತಿಯೇ ಅಪಾಯ. ಶಿರಹಟ್ಟಿ ಕಡೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. ಮೇವಿಗಾಗಿ ಸುತ್ತಲಿನ ಹೊಲಗಳಿಗೆ ಹೋಗಿ ಬರುತ್ತವೆ. ನಸುಕಿನಲ್ಲಿ ಭಾರದ ಮೈ ಹೊತ್ತು ಗುಂಪಾಗಿ ಹಾರುವ ಹಕ್ಕಿಗೆ ಸಣ್ಣ ತಂತಿ ಕಾಣುವುದು ಕಷ್ಟ. ಕೆರೆ ಮತ್ತು ಮೇವಿನ ಹೊಲದ ನಡುವೆ ತಂತಿ ಬೇಡ, ಎಳೆಯಲೇಬೇಕಾದರೆ ನೆಲದೊಳಗೆ ಕೇಬಲ್ ಹಾಕಿ ಅನ್ನುವುದು ನನ್ನ ನಿಲುವು. ಇದರಲ್ಲಿ ಚೌಕಾಸಿ ಇಲ್ಲ.

ಎಲ್ಲ ಗುರುತಿಸಿದ ಮೇಲೆ ತೂಗುವುದು ಹೇಗೆ? ಕೆಲವರು ಎಲ್ಲದಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ನಾನು ಕೂಡಿಸುವುದಿಲ್ಲ. ಕೂಡಿಸಿದರೆ ಒಬ್ಬರ ಲಾಭ ಇನ್ನೊಬ್ಬರ ನಷ್ಟವನ್ನು ಮುಚ್ಚಿಹಾಕುತ್ತದೆ. ನಾನು ಮೂರು ಗುಂಪು ಮಾಡುತ್ತೇನೆ. ಯಾವ ದುಡ್ಡಿಗೂ ಸರಿಹೋಗದ್ದು ಮೊದಲನೆಯದು, ಅಲ್ಲಿ ಚುಕ್ಕೆ ಅಳಿಸಬೇಕು. ಎರಡನೆಯದು ಜಾಗ ಸರಿಸಿದರೆ ತಪ್ಪುವ ನಷ್ಟ. ಇದೇ ಗುಂಪು ದೊಡ್ಡದು, ನೂರು ಇನ್ನೂರು ಮೀಟರ್ ಸರಿಸಿದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ. ಸರಿಸಿದರೂ ತಪ್ಪದ್ದು ಕೊನೆಯದು, ಅದಕ್ಕೆ ಮಾತ್ರ ಪರಿಹಾರದ ಮಾತು. ಕಂಪನಿಗಳು ಸಾಮಾನ್ಯವಾಗಿ ಕೊನೆಯಿಂದ ಶುರು ಮಾಡುತ್ತವೆ, ದುಡ್ಡಿನ ಮಾತು ಮೊದಲು ಬರುತ್ತದೆ. ಅದನ್ನು ತಿರುಗಿಸುವುದಕ್ಕೇ ನನ್ನ ಶಕ್ತಿಯೆಲ್ಲ ಹೋಗುತ್ತದೆ.

ಒಬ್ಬ ಎಂಜಿನಿಯರು ಹೇಳಿದರು, "ಮೇಡಮ್, ಒಂದು ರೆಕ್ಕೆಗೆ ಕಪ್ಪು ಬಣ್ಣ ಬಳಿದುಬಿಡೋಣ, ಜಾಗ ಬದಲಾಯಿಸೋದು ಬೇಡ." ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಹಾಗೆ ಮಾಡಿದಾಗ ಹಕ್ಕಿಗಳ ಸಾವು ಶೇಕಡಾ 70ರಷ್ಟು ಇಳಿಯಿತು ಅಂತ 2020ರಲ್ಲಿ ವರದಿ ಬಂದಿದ್ದು ನಿಜ. ಆದರೆ ಅಲ್ಲಿ ಬಣ್ಣ ಬಳಿದದ್ದು ನಾಲ್ಕು ಯಂತ್ರಗಳಿಗೆ ಮಾತ್ರ. ಬಣ್ಣದಿಂದ ಒಡೆದ ಬದು ಕೂಡುವುದಿಲ್ಲ, ಮುಚ್ಚಿದ ಹಳ್ಳ ಹರಿಯುವುದೂ ಇಲ್ಲ. ಅದನ್ನೇ ಹೇಳಿದೆ. ಚುಕ್ಕೆ ಸರಿಯಿತು.

ಸದ್ದಿನ ವಿಷಯದಲ್ಲಿ 2016ರ ಕೇಂದ್ರದ ಮಾರ್ಗಸೂಚಿ ಮನೆಯಿಂದ 500 ಮೀಟರ್ ಅಂತರ ಬಿಡಿ ಅನ್ನುತ್ತದೆ. ಊರಿನ ಅಂಚಿನಿಂದ ಅಳೆದು ಸುಮ್ಮನಾಗಬೇಡಿ. ಹೊಲದಲ್ಲೇ ಇರುವ ತೋಟದ ಮನೆಯೂ ಮನೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಜೋರು. ಆಗ ರಾತ್ರಿ ಹೋಗಿ ಕೂತು ಕೇಳಿ.

ನಾನು ಈಗ ಹಿಡಿದಿರುವ ವಿಷಯ ಫ್ಯಾನು ಹಳೆಯದಾದ ಮೇಲಿನದು. ಯಂತ್ರದ ಆಯುಷ್ಯ 20-25 ವರ್ಷ. ಆಮೇಲೆ ಕಂಬ ಗುಜರಿಗೆ ಹೋಗುತ್ತದೆ. ಎರೆ ಹೊಲದೊಳಗಿನ ನೂರಾರು ಘನಮೀಟರ್ ಕಾಂಕ್ರೀಟು ಯಾರದು? ನಾನು ನೋಡಿದ ಕರಾರುಗಳಲ್ಲಿ ಇದರ ಬಗ್ಗೆ ಒಂದು ಸಾಲಿದ್ದರೆ ಹೆಚ್ಚು. ಕೂರಿಗೆ ಓಡುವಷ್ಟು ಆಳದವರೆಗೆ ಕಾಂಕ್ರೀಟು ತೆಗೆದು ಮೇಲ್ಮಣ್ಣು ಹಾಕಬೇಕು, ಅದರ ಖರ್ಚನ್ನು ಈಗಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು ಅಂತ ರೋಣ ತಾಲ್ಲೂಕಿನ ಒಂದು ಊರಿನವರು ಗ್ರಾಮಸಭೆಯಲ್ಲಿ ಠರಾವು ಮಾಡಿದ್ದಾರೆ. ಅದನ್ನು ನನ್ನ ವರದಿಗೆ ಸೇರಿಸಿ ಕಳಿಸಿದ್ದೇನೆ. ಕಂಪನಿಯ ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಸಹಿ ಹಾಕುವುದಿಲ್ಲ ಅಂತ ಆ ಊರಿನ ರೈತರು ಕೂತಿದ್ದಾರೆ.