ಇದೇ ಕಾರನ್ನು ಮತ್ತೆ ಕೊಳ್ಳುತ್ತೀರಾ?

ಮೈಸೂರಿನ ನಮ್ಮ ಬೀದಿಗೆ ಹಸಿರು ನಂಬರ್ ಪ್ಲೇಟಿನ ಮೊದಲ ಎಲೆಕ್ಟ್ರಿಕ್ ಕಾರು ಬಂದದ್ದು 2021ರ ಆಗಸ್ಟ್‌ನಲ್ಲಿ, ನಮ್ಮ ಮನೆಗೆ. ಮೊದಲ ವರ್ಷವೆಲ್ಲ ಜನ ಕೇಳುತ್ತಿದ್ದುದು ‘ಒಂದು ಚಾರ್ಜಿಗೆ ಎಷ್ಟು ಹೋಗುತ್ತೆ ಮೇಷ್ಟ್ರೇ?’ ಎಂದು. ಕಾರು 68,000 ಕಿಲೋಮೀಟರ್ ಓಡಿರುವ ಈಗ ಪ್ರಶ್ನೆ ಬದಲಾಗಿದೆ: ‘ಮತ್ತೆ ತಗೊಳ್ಳೋದಾದ್ರೆ ಇದನ್ನೇ ತಗೋತೀರಾ?’ ಕಳೆದ ಜೂನ್‌ನಲ್ಲಿ ಮಗಳು ಮಂಗಳೂರಿನ ಕಾಲೇಜಿಗೆ ಸೇರಿದ ಮೇಲೆ ಇದು ನಮ್ಮ ಮನೆಯೊಳಗಿನ ಪ್ರಶ್ನೆಯೂ ಆಯಿತು. ಕಾರನ್ನು ಮಾರುವುದೇ, ಇಟ್ಟುಕೊಳ್ಳುವುದೇ, ಮಾರಿದರೆ ಅದರ ಜಾಗಕ್ಕೆ ಏನನ್ನು ತರುವುದು ಎಂಬುದನ್ನು ತೀರ್ಮಾನಿಸಲು ನಾನು ಹೇಗೆ ಲೆಕ್ಕ ಹಾಕಿದೆನೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರಿನ ಹೆಸರು ಹೇಳಬೇಕಾದ ಅಗತ್ಯ ಕಾಣುವುದಿಲ್ಲ. ಸುಮಾರು 30 ಯೂನಿಟ್ ವಿದ್ಯುತ್ ಹಿಡಿಸುವ ಬ್ಯಾಟರಿಯ, ನಾಲ್ಕು ಮೀಟರಿನೊಳಗಿನ ಕಾರು ಅದು. ಆಗ ಮಧ್ಯಮ ವರ್ಗದವರ ಕೈಗೆಟುಕುತ್ತಿದ್ದ ಎಲೆಕ್ಟ್ರಿಕ್ ಕಾರುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಒಂದು ಚಾರ್ಜಿಗೆ ಇಷ್ಟು ಓಡುತ್ತದೆಂದು ಪ್ರಮಾಣಪತ್ರದಲ್ಲಿದ್ದ ದೂರ 300 ಕಿಲೋಮೀಟರಿಗೂ ಹೆಚ್ಚು. ನಮಗೆ ಊರೊಳಗೆ ಸಿಕ್ಕಿದ್ದು 210. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ಅಳೆದು ಬರೆದಿಡುವ ಚಾಳಿ ಇದೆ. ಚಾರ್ಜಿಂಗ್ ಪಾಯಿಂಟಿಗೆ ಪ್ರತ್ಯೇಕ ಸಬ್‌ಮೀಟರ್ ಹಾಕಿಸಿ, ಪ್ರತಿ ಸಲ ಎಷ್ಟು ಯೂನಿಟ್ ಹೋಯಿತು, ಎಷ್ಟು ಕಿಲೋಮೀಟರ್ ಓಡಿತು ಎಂದು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದೆ. ಆ ನೋಟ್‌ಬುಕ್ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ಏಕೆಂದರೆ ನಾಲ್ಕು ವರ್ಷದ ಹಿಂದಿನ ಸಂಗತಿಗಳಲ್ಲಿ ನಮಗೆ ಹಿತವೆನಿಸುವುದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ಮೊದಲು ಹಣದ ಲೆಕ್ಕ. ಕೊಂಡಾಗ ನಮ್ಮ ಕಾರಿನ ಶೋರೂಮ್ ಬೆಲೆ ಹದಿನಾಲ್ಕೂವರೆ ಲಕ್ಷ. ಅದೇ ಅನುಕೂಲಗಳಿದ್ದ ಪೆಟ್ರೋಲ್ ಕಾರಿಗೆ ಹನ್ನೊಂದು ಲಕ್ಷ. ಅಂತರ ಮೂರೂವರೆ ಲಕ್ಷ ಎಂದು ತೋರಿದರೂ, ಆಗ ಕರ್ನಾಟಕದಲ್ಲಿ ಎಲೆಕ್ಟ್ರಿಕ್ ವಾಹನಕ್ಕೆ ರಸ್ತೆ ತೆರಿಗೆ ಇರಲಿಲ್ಲ. ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆಯೇ ಶೇ 17. ಸೆಸ್ ಸೇರಿ ಎರಡು ಲಕ್ಷದ ಹತ್ತಿರ ಬರುತ್ತಿದ್ದ ಆ ಮೊತ್ತ ಉಳಿದದ್ದರಿಂದ, ರಸ್ತೆಗೆ ಇಳಿಯುವ ಹೊತ್ತಿಗೆ ಅಂತರ ಒಂದೂವರೆ ಲಕ್ಷಕ್ಕೆ ಇಳಿದಿತ್ತು. ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಇಇಬಿ ಅಡಿಯಲ್ಲಿ ವಿನಾಯಿತಿಯೂ ಸ್ವಲ್ಪ ಸಿಕ್ಕಿತು. ಆದರೆ ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗಷ್ಟೇ ಇದ್ದ ಸೌಲಭ್ಯವಾದ್ದರಿಂದ, ಇಂದು ಕೊಳ್ಳುವವರು ನನ್ನ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬಾರದು.

ಓಡಿಸುವ ಖರ್ಚಿನಲ್ಲಿ ಎಲೆಕ್ಟ್ರಿಕ್ ಕಾರು ಗೆಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಮನೆಯಲ್ಲಿ ಚಾರ್ಜ್ ಮಾಡಿದಾಗ ನೂರು ಕಿಲೋಮೀಟರಿಗೆ ಗೋಡೆಯಿಂದ ಎಳೆದದ್ದು ಸರಾಸರಿ 17 ಯೂನಿಟ್. ಮನೆಯ ವಿದ್ಯುತ್ತಿನಲ್ಲಿ ಓಡಿದ 54,000 ಕಿಲೋಮೀಟರಿಗೆ ಯೂನಿಟ್ಟಿಗೆ ಸರಾಸರಿ ಏಳು ರೂಪಾಯಿಯಂತೆ 64,000 ರೂಪಾಯಿ. ಊರಿನಾಚೆ ಫಾಸ್ಟ್ ಚಾರ್ಜರುಗಳಲ್ಲಿ ತುಂಬಿಸಿ ಓಡಿದ 14,000 ಕಿಲೋಮೀಟರಿಗೆ ಸುಮಾರು 46,000. ಲೀಟರಿಗೆ 14 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು 102 ರೂಪಾಯಿ ದರದಲ್ಲಿ ಇಷ್ಟೇ ದೂರಕ್ಕೆ ಐದು ಲಕ್ಷದ ಹತ್ತಿರ ಕೇಳುತ್ತಿತ್ತು. ಸರ್ವಿಸ್ಸಿನ ಉಳಿತಾಯವನ್ನೂ ಸೇರಿಸಿದರೆ ನಾಲ್ಕು ಲಕ್ಷಕ್ಕಿಂತ ತುಸು ಹೆಚ್ಚೇ ಉಳಿದಿದೆ.

ಈ ಲೆಕ್ಕಕ್ಕೆ ಸೇರಬೇಕಾದ, ಆದರೆ ಯಾರೂ ಸೇರಿಸದ ಒಂದು ಸಾಲು ಇದೆ. 2023ರಲ್ಲಿ ಗೃಹಜ್ಯೋತಿ ಬಂದಾಗ ಅಕ್ಕಪಕ್ಕದ ಮನೆಗಳಿಗೆಲ್ಲ ಸೊನ್ನೆ ಬಿಲ್ಲು ಬರತೊಡಗಿತು. ಕಾರಿಲ್ಲದಿದ್ದರೆ ನಮ್ಮ ಮನೆಯ ಬಳಕೆ ತಿಂಗಳಿಗೆ 110 ಯೂನಿಟ್. ಕಾರಿನಿಂದಾಗಿ ಅದು 300ರ ಆಸುಪಾಸಿನಲ್ಲಿರುವುದರಿಂದ 200 ಯೂನಿಟ್ಟಿನ ಮಿತಿಯೊಳಗೆ ನಾವು ಬರಲೇ ಇಲ್ಲ. ಅಂದರೆ ಮನೆಯ ದೀಪ, ಫ್ರಿಜ್ಜು, ಮಿಕ್ಸಿಗಳಿಗೆ ನಾವು ಕಟ್ಟುತ್ತಿರುವ ದುಡ್ಡೂ ಕಾರಿನ ಖರ್ಚೇ. ಇದುವರೆಗೆ ಅದು ಸುಮಾರು 25,000 ರೂಪಾಯಿ ಆಗಿದೆ. ದೊಡ್ಡ ಮೊತ್ತವೇನಲ್ಲ, ಆದರೆ ಲೆಕ್ಕವೆಂದರೆ ಲೆಕ್ಕವೇ.

ಉಳಿತಾಯವನ್ನು ನಿಜವಾಗಿ ತಿಂದದ್ದು ಮರುಮಾರಾಟದ ಬೆಲೆ. ಹಳೆಯ ಕಾರುಗಳ ವ್ಯಾಪಾರಿಗಳು ಮೂವರು ಬಂದು ನೋಡಿದರು. ಬಾಡಿಯ ಗೀರುಗಳನ್ನು ಗಮನಿಸಿದಷ್ಟು ಬ್ಯಾಟರಿಯನ್ನು ಯಾರೂ ಗಮನಿಸಲಿಲ್ಲ. ಅದನ್ನು ಅಳೆಯುವ ವಿಧಾನ ತಿಳಿಯದಿರುವಾಗ ಭಯವನ್ನೇ ಬೆಲೆಯಲ್ಲಿ ಕಳೆಯುತ್ತಾರೆ. ಐದೂಮುಕ್ಕಾಲು ಲಕ್ಷಕ್ಕಿಂತ ಮೇಲೆ ಒಬ್ಬರೂ ಏರಲಿಲ್ಲ. ಅದೇ ವಯಸ್ಸಿನ ಪೆಟ್ರೋಲ್ ಕಾರಿಗೆ ಏಳು ಲಕ್ಷ ಬರುತ್ತಿತ್ತೆಂದು ಅವರೇ ಹೇಳಿದರು. ಕೊಂಡಾಗಿನ ಅಂತರ ಒಂದೂವರೆ, ಮಾರುವಾಗಿನ ಅಂತರ ಒಂದೂಕಾಲು, ಎರಡನ್ನೂ ಉಳಿತಾಯದಿಂದ ಕಳೆದರೆ ಕೈಯಲ್ಲಿ ನಿಲ್ಲುವುದು ಒಂದೂವರೆ ಲಕ್ಷಕ್ಕೂ ಕಡಿಮೆ. ಕಾರನ್ನು ಮಾರದೆ ಇಟ್ಟುಕೊಂಡು ಓಡಿಸಿದಷ್ಟೂ ಲಾಭ ಹೆಚ್ಚುತ್ತದೆ, ಬೇಗ ಮಾರಿದಷ್ಟೂ ಕರಗುತ್ತದೆ ಎಂಬ ಸಂಗತಿ ನನಗೆ ಸ್ಪಷ್ಟವಾದದ್ದು ಈ ಕೂಡು ಕಳೆಯುವಿಕೆಯಿಂದಲೇ.

ವ್ಯಾಪಾರಿಗಳು ಅಳೆಯದ ಬ್ಯಾಟರಿಯನ್ನು ನಾನು ಪ್ರತಿವರ್ಷ ಆಗಸ್ಟ್‌ನಲ್ಲಿ ಅಳೆಯುತ್ತೇನೆ. ವಿಧಾನ ಸರಳ: ಶೇ 10ಕ್ಕೆ ಇಳಿಯುವವರೆಗೆ ಓಡಿಸಿ, ಒಂದು ರಾತ್ರಿ ವಿರಾಮ ಕೊಟ್ಟು, ನಿಧಾನದ ಚಾರ್ಜರಿನಲ್ಲಿ ನೂರರವರೆಗೆ ತುಂಬಿಸಿ, ಸಬ್‌ಮೀಟರ್ ತೋರಿಸುವ ಯೂನಿಟ್ಟನ್ನು ಬರೆದುಕೊಳ್ಳುವುದು. ಹೊಸತರಲ್ಲಿ 30.6 ಯೂನಿಟ್ ಹಿಡಿದಿತ್ತು. 2025ರ ಆಗಸ್ಟ್‌ನಲ್ಲಿ ಹಿಡಿದದ್ದು 27.9. ಇದರಲ್ಲಿ ಚಾರ್ಜರಿನಲ್ಲಿ ಬಿಸಿಯಾಗಿ ನಷ್ಟವಾಗುವ ಪಾಲೂ ಇದೆ, ಆದರೆ ಆ ಪಾಲು ಎರಡೂ ವರ್ಷ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಹೋಲಿಕೆಗೆ ಅಡ್ಡಿಯಿಲ್ಲ. ನಾಲ್ಕು ವರ್ಷದಲ್ಲಿ ಸವೆದದ್ದು ಸುಮಾರು ಶೇ 9. ನನ್ನ ಮಂಡಿಗಳು ಅದಕ್ಕಿಂತ ಹೆಚ್ಚು ಸವೆದಿವೆ.

ಈ ಪರೀಕ್ಷೆಯಲ್ಲಿ ಒಂದು ಎಚ್ಚರ ಬೇಕು. ನಮ್ಮದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬ್ಯಾಟರಿ. ಅದರ ವೋಲ್ಟೇಜು ತುಂಬಿದಾಗಲೂ ಅರ್ಧವಾದಾಗಲೂ ಹೆಚ್ಚು ಬದಲಾಗದ ಕಾರಣ, ಎಷ್ಟು ಉಳಿದಿದೆಯೆಂದು ವೋಲ್ಟೇಜು ನೋಡಿ ಹೇಳುವುದು ಕಾರಿನ ಕಂಪ್ಯೂಟರಿಗೆ ಕಷ್ಟ; ಒಳಹೋದದ್ದು ಹೊರಬಂದದ್ದನ್ನು ಎಣಿಸುತ್ತಾ ಅಂದಾಜು ಮಾಡುತ್ತದೆ, ಆ ಅಂದಾಜು ದಿನೇ ದಿನೇ ಜಾರುತ್ತದೆ. ಆಗಾಗ ನೂರರವರೆಗೆ ತುಂಬಿಸಿದರೆ ಎಣಿಕೆ ಮತ್ತೆ ಸರಿಹೋಗುತ್ತದೆ. ಇದು ತಿಳಿಯದೆ, ಬ್ಯಾಟರಿಯ ಆಯಸ್ಸಿಗೆ ಒಳ್ಳೆಯದೆಂದು ಎಲ್ಲೋ ಓದಿ, ಎರಡು ತಿಂಗಳು ಶೇ 80ಕ್ಕೇ ನಿಲ್ಲಿಸುತ್ತಿದ್ದೆ. ಆ ಸಲಹೆ ನಿಕ್ಕಲ್ ಬಳಸುವ ಬೇರೆ ಜಾತಿಯ ಬ್ಯಾಟರಿಗಳಿಗೆ ಹೊಂದುವಂಥದ್ದು. ಒಂದು ಸಂಜೆ ಹಾಸನದಿಂದ ಮರಳುವಾಗ, ಹೊಳೆನರಸೀಪುರ ದಾಟಿದ ಮೇಲೆ, ಶೇ 24 ಇದ್ದದ್ದು ಕಣ್ಣೆದುರೇ 13ಕ್ಕೆ ಬಿದ್ದಿತು. ಎ.ಸಿ. ಆರಿಸಿ, ಐವತ್ತರ ವೇಗದಲ್ಲಿ ಸಾಗಿ, ಕೆ.ಆರ್. ನಗರದಲ್ಲಿ ಪರಿಚಯದವರ ಅಕ್ಕಿ ಗಿರಣಿಯ ಪ್ಲಗ್ಗಿಗೆ ಸಿಕ್ಕಿಸಿ ಎರಡು ಗಂಟೆ ಕುಳಿತೆವು. ಬ್ಯಾಟರಿ ಕೆಟ್ಟಿತೆಂದೇ ಆ ರಾತ್ರಿ ನಾನು ನಂಬಿದ್ದೆ. ಮೂರು ಸಲ ಪೂರ್ತಿ ತುಂಬಿಸಿದ ಮೇಲೆ ಆ ಕುಸಿತ ಮತ್ತೆ ಕಾಣಲಿಲ್ಲ.

ನಿಜವಾಗಿ ಕೆಟ್ಟದ್ದು ಬೇರೆ ಸಲ. 2023ರಲ್ಲಿ ಬ್ಯಾಟರಿಯೊಳಗಿನ ಒಂದು ಮಾಡ್ಯೂಲು, ಅಂದರೆ ಸೆಲ್ಲುಗಳ ಒಂದು ಗುಂಪು, ದುರ್ಬಲವಾಗಿ, ಉಳಿದವುಗಳಿಗಿಂತ ಮೊದಲೇ ಖಾಲಿಯಾಗಿ ಇಡೀ ಬ್ಯಾಟರಿಯನ್ನು ನಿಲ್ಲಿಸತೊಡಗಿತು. ಎಂಟು ವರ್ಷದ ವಾರಂಟಿ ಇದ್ದುದರಿಂದ ಒಂದು ಪೈಸೆ ಕೊಡಬೇಕಾಗಲಿಲ್ಲ, ಆದರೆ ಕಾರು 23 ದಿನ ಸರ್ವಿಸ್ ಸೆಂಟರಿನಲ್ಲಿ ನಿಂತಿತ್ತು. ಬ್ಯಾಟರಿಯನ್ನು ಬಿಚ್ಚಲು ತರಬೇತಿ ಪಡೆದವರು ಅಲ್ಲಿ ಒಬ್ಬರೇ ಇದ್ದರು, ಅವರು ರಜೆಯಲ್ಲಿದ್ದರು. ಬಿಡಿಭಾಗ ಬಂದ ಮೇಲೂ ವಾರ ಕಾದೆವು. ಕಾರಿನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಆ 23 ದಿನ ‘ನಾಳೆ ಆಗುತ್ತೆ ಸಾರ್’ ಎಂದು ಫೋನಿನಲ್ಲಿ ಹೇಳುತ್ತಿದ್ದ ದನಿ ಮಾತ್ರ ಮರೆತಿಲ್ಲ. ಇದೇ ಕಾರನ್ನು ಕೊಳ್ಳುವುದೆಂದರೆ ಅದೇ ಸರ್ವಿಸ್ ಸೆಂಟರನ್ನೂ ಮತ್ತೆ ಎಂಟು ವರ್ಷಕ್ಕೆ ಕೊಂಡಂತೆ ಎಂಬುದನ್ನು ಲೆಕ್ಕಕ್ಕೆ ಸೇರಿಸಲೇಬೇಕು.

ಉಳಿದ ರಿಪೇರಿಗಳನ್ನು ಬೇಗ ಹೇಳಿ ಮುಗಿಸಬಹುದು. ಟೈರುಗಳನ್ನು 42,000 ಕಿಲೋಮೀಟರಿಗೆ ಬದಲಿಸಿದೆವು. ಬ್ಯಾಟರಿಯ ಭಾರ ಮತ್ತು ನಿಂತಲ್ಲಿಂದಲೇ ಸಿಗುವ ಎಳೆತ ಎರಡೂ ಟೈರನ್ನು ಬೇಗ ಸವೆಸುತ್ತವೆ. ಬ್ರೇಕ್ ಪ್ಯಾಡುಗಳು ಕಾರ್ಖಾನೆಯಿಂದ ಬಂದವೇ ಇನ್ನೂ ಇವೆ, ಏಕೆಂದರೆ ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡಿ ವಿದ್ಯುತ್ತನ್ನು ಹಿಂದಿರುಗಿಸುತ್ತದೆ. ಒಂದು ಮುಂಜಾನೆ ಪರೀಕ್ಷೆಯ ಡ್ಯೂಟಿಗೆ ಹೊರಟಾಗ ಕಾರು ಉಸಿರೇ ಎತ್ತಲಿಲ್ಲ. ದೊಡ್ಡ ಬ್ಯಾಟರಿ ಮುಕ್ಕಾಲು ಪಾಲು ತುಂಬಿದ್ದರೂ, ಅದನ್ನು ಎಬ್ಬಿಸುವ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತಿತ್ತು. ಎಲೆಕ್ಟ್ರಿಕ್ ಕಾರಿಗೂ ಅಂಥದ್ದೊಂದು ಇರುತ್ತದೆಂಬುದು ಬಹಳ ಮಂದಿಗೆ ತಿಳಿದಿಲ್ಲ.

ಇಷ್ಟನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದು ಭಾನುವಾರ ನಾನೂ ಹೆಂಡತಿಯೂ ಕುಳಿತೆವು. ‘ಇದೇ ಕಾರು ಮತ್ತೆ ಬೇಕೇ?’ ಎಂದು ನಾನು ಕೇಳಿ ಮುಗಿಸುವ ಮೊದಲೇ ಅವಳು ‘ಬೇಕು, ಇದೇ ಬೇಕು, ಇದರಲ್ಲಿ ಏನು ಕಡಿಮೆಯಾಗಿದೆ ರೀ?’ ಎಂದಳು. ಕ್ಲಚ್ಚು ಗೇರುಗಳ ಗೋಜಿನಿಂದಾಗಿ ಲೈಸೆನ್ಸಿದ್ದೂ ಹತ್ತು ವರ್ಷ ಕಾರನ್ನು ಮುಟ್ಟದಿದ್ದವಳು ಈ ಕಾರು ಬಂದ ಮೇಲೆ ದಿನವೂ ಬ್ಯಾಂಕಿಗೆ ಓಡಿಸಿಕೊಂಡು ಹೋಗುತ್ತಾಳೆ. ಅವಳ ದಿನದ ಓಡಾಟ 25 ಕಿಲೋಮೀಟರ್. ವಾರಕ್ಕೆರಡು ರಾತ್ರಿ ಪೋರ್ಟಿಕೋದಲ್ಲಿ ಪ್ಲಗ್ಗು ಸಿಕ್ಕಿಸಿದರೆ ಮುಗಿಯಿತು. ಫಾಸ್ಟ್ ಚಾರ್ಜರಿನ ಮುಂದೆ ಅವಳು ಒಂದು ದಿನವೂ ನಿಂತವಳಲ್ಲ. ನಾಲ್ಕು ಆ್ಯಪ್‌ಗಳ ವ್ಯಾಲೆಟ್ಟುಗಳಲ್ಲಿ ಚಾರ್ಜಿಂಗಿಗೆಂದು ನಾನು ತುಂಬಿಟ್ಟಿರುವ ದುಡ್ಡು ಅವಳಿಗೆ ಗೊತ್ತೇ ಇಲ್ಲ, ಗೊತ್ತಾಗುವುದೂ ಬೇಡ.

ನನ್ನ ಉತ್ತರ ಬೇರೆಯಾಗಿತ್ತು, ಏಕೆಂದರೆ ನನ್ನ ರಸ್ತೆ ಬೇರೆ. ಬೆಂಗಳೂರಿನವರೆಗೆ ತಕರಾರಿಲ್ಲ. ಅದು ಮೈಸೂರಿಗಿಂತ ಸುಮಾರು 150 ಮೀಟರ್ ಎತ್ತರದಲ್ಲಿರುವುದರಿಂದ ಹೋಗುವಾಗ ಬರುವುದಕ್ಕಿಂತ ಶೇ 3ರಿಂದ 4ರಷ್ಟು ಹೆಚ್ಚು ಬೇಕು, ಅಷ್ಟೇ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ವೇಗ ಏರಿ ಒಂದು ಚಾರ್ಜಿಗೆ ಓಡುವ ದೂರ ತಗ್ಗಿತಾದರೂ, ಎಂಬತ್ತರಲ್ಲಿ ಹೋದರೆ ದಾರಿಯಲ್ಲಿ ನಿಲ್ಲದೆ ತಲುಪುತ್ತೇವೆ. ತೊಡಕಿರುವುದು ಮಂಗಳೂರಿನ ದಾರಿಯಲ್ಲಿ. ಮೈಸೂರಿನಿಂದ ಮಡಿಕೇರಿಗೆ 120 ಕಿಲೋಮೀಟರ್, ನಾನೂರು ಮೀಟರಿನಷ್ಟು ಏರು. ಅಲ್ಲಿಂದ ಸಂಪಾಜೆ ಘಾಟಿಯಲ್ಲಿ ಸಾವಿರ ಮೀಟರಿನಷ್ಟು ಇಳಿತ. ಇಳಿಯುವುದು ಸೊಗಸು: ಮಡಿಕೇರಿ ಬಿಟ್ಟಾಗ ಶೇ 41 ಇದ್ದದ್ದು ಸಂಪಾಜೆಯಲ್ಲಿ 42 ಆಗಿತ್ತು, ಮಗಳು ಅದನ್ನು ಫೋಟೊ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು. ಮರಳುವಾಗ ಅದೇ ಘಾಟಿಯ ಮೂವತ್ತು ಕಿಲೋಮೀಟರಿಗೂ ಕಡಿಮೆ ದಾರಿ ಶೇ 27ನ್ನು ನುಂಗಿತು. ನಾನು ತರಗತಿಯಲ್ಲಿ ಹಲಗೆಯ ಮೇಲೆ ಬರೆಯುವ ದ್ರವ್ಯರಾಶಿ, ಗುರುತ್ವ, ಎತ್ತರಗಳ ಗುಣಲಬ್ಧ ಇದೇ. ದಾರಿಯಲ್ಲಿ ಎರಡು ಕಡೆ ಚಾರ್ಜ್ ಮಾಡಬೇಕು, ನಮ್ಮ ಕಾರು ಶೇ 10ರಿಂದ 80ಕ್ಕೆ ಒಂದು ಗಂಟೆ ತೆಗೆದುಕೊಳ್ಳುತ್ತದೆ, ಒಮ್ಮೆ ಚಾರ್ಜರ್ ಕೆಟ್ಟಿತ್ತು, ಇನ್ನೊಮ್ಮೆ ಚಾರ್ಜಿಂಗ್ ಜಾಗದಲ್ಲಿ ಡೀಸೆಲ್ ಜೀಪು ನಿಲ್ಲಿಸಿ ಅದರ ಚಾಲಕ ಊಟಕ್ಕೆ ಹೋಗಿದ್ದ. ಐದೂವರೆ ಗಂಟೆಯ ಪ್ರಯಾಣ ಒಂಬತ್ತು ಗಂಟೆಯಾಯಿತು.

ಒಂದೇ ಕಾರು, ಒಂದೇ ಮನೆ, ಇಬ್ಬರು ಒಡೆಯರು, ಎರಡು ಉತ್ತರ. ಅಲ್ಲಿಗೆ ನನ್ನ ಪ್ರಶ್ನೆಯೇ ಸರಿಯಿರಲಿಲ್ಲವೆಂದು ಗೊತ್ತಾಯಿತು. ಕಾರು ಚೆನ್ನಾಗಿತ್ತೇ ಎಂದು ಹಿಂದಿನ 68,000 ಕಿಲೋಮೀಟರನ್ನು ಕೇಳುತ್ತಿದ್ದೆ. ಕೇಳಬೇಕಾಗಿದ್ದದ್ದು ಮುಂದಿನ ಐದು ವರ್ಷ ಯಾವ ರಸ್ತೆಯಲ್ಲಿ, ಯಾವ ಪ್ಲಗ್ಗಿನಿಂದ ಓಡಬೇಕು ಎಂಬುದನ್ನು. ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಸಹೋದ್ಯೋಗಿಯೊಬ್ಬರು ನಮ್ಮ ಕಾರಿನ ಅವಳಿಯನ್ನೇ ಕೊಂಡಿದ್ದರು. ನೆಲಮಾಳಿಗೆಯಲ್ಲಿ ಪಾಯಿಂಟ್ ಹಾಕಿಸಲು ಸಂಘದವರು ಒಪ್ಪದೆ, ವಾರಕ್ಕೆರಡು ಸಂಜೆ ಸಾರ್ವಜನಿಕ ಚಾರ್ಜರಿನ ಬಳಿ ಕಾದು, ಎರಡನೇ ವರ್ಷಕ್ಕೆ ಮಾರಿಬಿಟ್ಟರು. ಅವರ ಕಾರಿನಲ್ಲಿ ಒಂದು ದೋಷವೂ ಇರಲಿಲ್ಲ.

ದೊಡ್ಡ ಬ್ಯಾಟರಿಯ ಹೊಸ ಮಾದರಿಯನ್ನೂ ನೋಡಿಬಂದೆ. 45 ಯೂನಿಟ್ ಹಿಡಿಸುವ ಕಾರು ಮಡಿಕೇರಿಯಲ್ಲಿ ನಿಲ್ಲದೆ ಪುತ್ತೂರು ದಾಟುತ್ತದೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದು, ಎಲೆಕ್ಟ್ರಿಕ್ ಕಾರುಗಳದ್ದು 2019ರಿಂದ ಇದ್ದಂತೆ ಶೇ 5ರಲ್ಲೇ ಉಳಿದಿರುವುದರಿಂದ, ಎರಡರ ನಡುವಿನ ಬೆಲೆಯ ಅಂತರ ನಾನು ಕೊಂಡ ಕಾಲದಂತಿಲ್ಲ. ಮಗಳನ್ನು ವರ್ಷಕ್ಕೆ ಆರು ಸಲ ಕರೆತರುವುದಕ್ಕಾಗಿ ಹಳೆಯ ಕಾರಿನ ಬೆಲೆಯ ಮೇಲೆ ಇನ್ನೂ ಹತ್ತು ಲಕ್ಷ ಹಾಕುವುದು ನೋಟ್‌ಬುಕ್ಕಿನ ಯಾವ ಪುಟದಲ್ಲೂ ಹೊಂದಲಿಲ್ಲ.

ಹೀಗಾಗಿ ಕಾರನ್ನು ಮಾರಲಿಲ್ಲ. ಅದು ಈಗ ಬಹುಮಟ್ಟಿಗೆ ಹೆಂಡತಿಯ ಕಾರು. ನಾನು ಕಾಲೇಜಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ, ಮಂಗಳೂರಿಗೆ ಕೆ.ಎಸ್.ಆರ್.ಟಿ.ಸಿ. ಬಸ್ಸು ಹತ್ತುತ್ತೇನೆ. ವಾರಂಟಿ 2029ರ ಆಗಸ್ಟ್‌ವರೆಗೆ ಇದೆ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಶೇ 10ಕ್ಕೆ ಇಳಿಸಿ ನೂರಕ್ಕೆ ತುಂಬಿಸುವ ಕೆಲಸ ಮಾತ್ರ ನನ್ನದೇ. ಹಿಂದಿನ ರಾತ್ರಿ ಹೇಳದೆ ಮಾಡಿದರೆ ಬೆಳಿಗ್ಗೆ ಬ್ಯಾಂಕಿಗೆ ಆಟೋದಲ್ಲಿ ಹೋಗಬೇಕಾಗುತ್ತದೆಂದು ಅವಳು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಸಿದ್ದಾಳೆ.